ಅತ್ತೆಯ ಧ್ವನಿ ಖಾಲಿ ಎಂಬ ವರದಿ

ಅಳಿಯನಿಗೆ ಕಂಪ್ಯೂಟರಿನ ವಿಷಯದಲ್ಲಿ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಹಾಗೆಂದು ಅವನೇ ಹೇಳುತ್ತಿದ್ದ. ಬೇರೆಯವರು ಹೇಳಲಿ ಎಂದು ಕಾದು ಕೂರುವಷ್ಟು ಪುರುಸೊತ್ತು ಅವನಿಗಿರಲಿಲ್ಲ. ಹೊಟ್ಟೆಪಾಡಿಗೆ ಅವನು ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ತಪಾಸಣೆಯ ಕೆಲಸ ನೋಡಿಕೊಳ್ಳುತ್ತಿದ್ದ. ಉಳಿದ ಹೊತ್ತಿನಲ್ಲಿ ಜನರ ಕಂಪ್ಯೂಟರುಗಳಿಗೆ ಲಿನಕ್ಸ್ ಎಂಬ ಬಿಟ್ಟಿ ಕಾರ್ಯವ್ಯವಸ್ಥೆ ಹಾಕಿಕೊಡುತ್ತಿದ್ದ. ದುಡ್ಡು ಕೊಟ್ಟು ಕೊಳ್ಳುವ ವ್ಯವಸ್ಥೆಗಳೆಲ್ಲ ಗುಲಾಮಗಿರಿ, ಲಿನಕ್ಸ್ ಒಂದೇ ಬಿಡುಗಡೆಯ ದಾರಿ ಎಂಬುದು ಅವನ ಸಿದ್ಧಾಂತ. ಅವನಿಂದ ಬಿಡುಗಡೆ ಪಡೆದವರು ಅಂದಿನಿಂದ ಒಂದು ಹಾಳೆ ಪ್ರಿಂಟ್ ತೆಗೆಯಬೇಕಾದರೂ ಅವನಿಗೆ ಫೋನು ಮಾಡಿ ಅಪ್ಪಣೆ ಪಡೆಯಬೇಕಾಗುತ್ತಿತ್ತು.

ಹೀಗೆ ಬಿಡುಗಡೆ ಹೊಂದಿದ ಸಂಸ್ಥೆಗಳಲ್ಲಿ ಶ್ರವಣ ಗ್ರಂಥಾಲಯವೂ ಒಂದು. ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಅದಕ್ಕೆ ಎರಡು ಕೋಣೆಗಳಿದ್ದವು. ಒಳಕೋಣೆಯ ಗೋಡೆಗಳಿಗೆ ಹಳೆಯ ಕಂಬಳಿಗಳನ್ನು ಹೊಡೆದು, ನಡುವೆ ಒಂದು ಮೇಜು, ಒಂದು ಮೈಕು ಇಟ್ಟು, ಕಣ್ಣಿಲ್ಲದವರಿಗಾಗಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಸಿ.ಡಿ.ಗೆ ಇಳಿಸುತ್ತಿದ್ದರು. ಹೊರಕೋಣೆಯ ಒಂದು ಗೋಡೆಯುದ್ದಕ್ಕೂ ಆ ಸಿ.ಡಿ.ಗಳ ಕಪಾಟು. ಅದರಲ್ಲಿದ್ದ ಪುಸ್ತಕಗಳಲ್ಲಿ ಮುಕ್ಕಾಲು ಪಾಲನ್ನು ಓದಿದವರು ಅಳಿಯನ ಅತ್ತೆ. ಹದಿನೆಂಟು ವರ್ಷ ಓದಿದರು. ಆಮೇಲೆ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು. ಗಡ್ಡೆಯ ಜೊತೆಗೆ ಧ್ವನಿಯೂ ಹೋಯಿತು. ಈಗ ಅವರ ಮಾತೆಂದರೆ ಕಾಗದದ ಮೇಲೆ ಕೈ ಸವರಿದಂಥ ಸದ್ದು. ಪಕ್ಕದಲ್ಲಿ ಕೂತವರಿಗಷ್ಟೇ ಕೇಳುವಂಥದ್ದು. ಅವರಿಗೆ ಒಂದು ಕಾಲಕ್ಕೆ ಧ್ವನಿ ಇತ್ತು ಎಂಬುದಕ್ಕೆ ಉಳಿದಿದ್ದ ಸಾಕ್ಷಿ ಆ ಕಪಾಟು ಮಾತ್ರ.

ಆ ಕಪಾಟಿನ ಹಿಂದಿನ ಗೋಡೆ ಗ್ರಂಥಾಲಯದ ಕಾರ್ಯದರ್ಶಿಗೆ ಬೇಕಾಗಿತ್ತು. ದಾನಿಗಳ ಭಾವಚಿತ್ರಗಳನ್ನು ಅಲ್ಲಿ ಸಾಲಾಗಿ ತೂಗುಹಾಕುವ ಯೋಜನೆ ಅವರದು. ಕಣ್ಣಿಲ್ಲದವರು ಬಂದುಹೋಗುವ ಜಾಗದಲ್ಲಿ ಭಾವಚಿತ್ರಗಳಿಂದ ಯಾರಿಗೆ ಏನು ಲಾಭ ಎಂದು ಸಮಿತಿಯಲ್ಲಿ ಯಾರೂ ಕೇಳಲಿಲ್ಲ. ಆ ಚಿತ್ರಗಳಲ್ಲಿ ಒಂದು ಕಾರ್ಯದರ್ಶಿಯವರದೇ ಆಗಿದ್ದುದರಿಂದ ಕೇಳುವುದು ಚೆನ್ನಾಗಿಯೂ ಇರುತ್ತಿರಲಿಲ್ಲ.

ಕಪಾಟನ್ನು ತೆಗೆಯಲು ಕಾರಣವೂ ತಾನಾಗಿ ಒದಗಿತ್ತು. ಸದಸ್ಯರಿಗೆ ಎರವಲು ಕೊಡುತ್ತಿದ್ದ ಸಿ.ಡಿ. ಪ್ಲೇಯರುಗಳು ಒಂದೊಂದಾಗಿ ಕೈಕೊಟ್ಟವು; ರಿಪೇರಿ ಮಾಡುವವರು ಅವನ್ನು ನೋಡಿ ನಕ್ಕು ಕಳಿಸಿದರು. ಕೊನೆಯದು ಕುರ್ಚಿ ಹೆಣೆಯುವವರ ಮನೆಯಲ್ಲಿತ್ತು. ಹುಟ್ಟಿನಿಂದ ಕಣ್ಣು ಕಾಣದ ಆ ಮನುಷ್ಯ ಒಂದು ಕಾದಂಬರಿಯನ್ನು ಅರ್ಧ ಕೇಳಿದ್ದರು. ದೋಣಿಯ ಒಡತಿಯೊಬ್ಬಳು ಸಾಲ ತೀರಿಸಲು ದೋಣಿಯನ್ನು ಮಾರಬೇಕೋ ಬೇಡವೋ ಎಂದು ದಡದಲ್ಲಿ ಕೂತಿದ್ದಾಗ ಯಂತ್ರ ನಿಂತುಹೋಯಿತು. ಅಂದಿನಿಂದ ವಾರಕ್ಕೊಮ್ಮೆ ಮೆಟ್ಟಿಲು ಹತ್ತಿ ಬಂದು, ಅವಳು ಇನ್ನೂ ದಡದಲ್ಲೇ ಇದ್ದಾಳಾ ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು.

ಸಮಿತಿ ಒಂದು ನಿರ್ಣಯಕ್ಕೆ ಬಂದಿತ್ತು. ಗ್ರಂಥಾಲಯದ ಕಂಪ್ಯೂಟರು ಸಿ.ಡಿ.ಗಳನ್ನು ಓದಿದರೆ ಧ್ವನಿಯನ್ನು ಅದಕ್ಕೆ ಇಳಿಸಿಕೊಂಡು ಸದಸ್ಯರ ಫೋನುಗಳಿಗೆ ಹಾಕಿಕೊಡುವುದು. ಓದದಿದ್ದರೆ ಶನಿವಾರ ಎಲ್ಲವನ್ನೂ ತೂಕಕ್ಕೆ ಹಾಕಿ ರದ್ದಿಯವನಿಗೆ ಕೊಡುವುದು. ಓದುತ್ತದೋ ಇಲ್ಲವೋ ಎಂದು ದೃಢೀಕರಿಸುವ ಹೊಣೆ ತಾಂತ್ರಿಕ ಸಲಹೆಗಾರರದು. ಆ ಹುದ್ದೆಯಲ್ಲಿ ಸಂಬಳವಿಲ್ಲದೆ, ಆದರೆ ಸಂಬಳಕ್ಕೆ ಮೀರಿದ ಗಾಂಭೀರ್ಯದಿಂದ ಕೂತಿದ್ದವನು ಅಳಿಯ.

ಗುರುವಾರ ಕಚೇರಿ ಮುಗಿಸಿ ಬಂದವನು ಕಪಾಟಿನಿಂದ ಒಂದು ಸಿ.ಡಿ. ತೆಗೆದು ಕಂಪ್ಯೂಟರಿಗೆ ಹಾಕಿದ. ಒಳಗೆ ಅದು ಗಿರ್ರನೆ ತಿರುಗಿ, ಏನನ್ನೋ ಹುಡುಕಿದಂತೆ ಮಾಡಿ, ಸುಮ್ಮನಾಯಿತು. ಪರದೆಯ ಮೇಲೆ ಏನೂ ಬರಲಿಲ್ಲ. ಅಳಿಯನಿಗೆ ಬೇಸರವಾಗಲಿಲ್ಲ, ಸುಲಭದಲ್ಲಿ ಆಗಿಬಿಡುವ ಕೆಲಸಗಳಲ್ಲಿ ಅವನಿಗೆ ಗೌರವವಿರಲಿಲ್ಲ. ಕಪ್ಪು ಕಿಟಕಿಯೊಂದನ್ನು ತೆರೆದು ಸಾಲು ಸಾಲು ಆಜ್ಞೆಗಳನ್ನು ಟೈಪು ಮಾಡಿದ. ಸಿ.ಡಿ. ಓದುವ ಡ್ರೈವ್ ಇದೆ ಎಂದು ವ್ಯವಸ್ಥೆ ಒಪ್ಪಿಕೊಂಡಿತು. ಅದರೊಳಗಿನ ಸಿ.ಡಿ.ಯನ್ನು ಜೋಡಿಸು ಎಂದ. ವ್ಯವಸ್ಥೆ ಒಂದೇ ಉಸಿರಿನಲ್ಲಿ ಮೂರು ಅನುಮಾನ ಹೇಳಿತು: ಕಡತಗಳ, ಅಂದರೆ ಫೈಲುಗಳ, ಬಗೆಯನ್ನು ತಪ್ಪಾಗಿ ಹೇಳಿರಬಹುದು, ಕೊಟ್ಟ ಆಯ್ಕೆ ತಪ್ಪಿರಬಹುದು, ಇಲ್ಲವೇ ಸಿ.ಡಿ.ಯೇ ಕೆಟ್ಟಿರಬಹುದು. ಮೊದಲಿನ ಎರಡರಲ್ಲಿ ತಪ್ಪು ಟೈಪು ಮಾಡಿದವನದಾಗುತ್ತಿತ್ತು. ಅಳಿಯ ಮೂರನೆಯದನ್ನು ಆರಿಸಿಕೊಂಡ.

ನ್ಯಾಯವಾಗಿ ನಡೆದುಕೊಳ್ಳಬೇಕೆಂದು ಬೇರೆ ಬೇರೆ ಸಾಲುಗಳಿಂದ ಇನ್ನೂ ಹತ್ತಾರು ಸಿ.ಡಿ.ಗಳನ್ನು ತೆಗೆದು ಹಾಕಿ ನೋಡಿದ. ಎಲ್ಲಕ್ಕೂ ಅದೇ ಉತ್ತರ. ಯಾವುದರಲ್ಲೂ ಒಂದೇ ಒಂದು ಕಡತವಿಲ್ಲ. ಕಡತವಿಲ್ಲ ಎಂದರೆ ಖಾಲಿ. ಖಾಲಿ ಎಂದು ವರದಿ ಬರೆದ.

ಧ್ವನಿಯ ಸಿ.ಡಿ.ಯಲ್ಲಿ ಕಡತಗಳು ಇರುವುದೇ ಇಲ್ಲ. ಅದರಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸದ್ದು ಸುಮ್ಮನೆ ಹರಿದಿರುತ್ತದೆ, ಅಷ್ಟೇ. ಅಲ್ಲಿ ಕಡತ ಹುಡುಕುವುದೆಂದರೆ ಕೊಳವೆಯ ನೀರಿನಲ್ಲಿ ಬಾಟಲಿ ಸಿಗಲಿಲ್ಲವೆಂದು ಕೊಳವೆ ಒಣಗಿದೆ ಎಂದಂತೆ. ನೀರು ಸರಬರಾಜು ಕಚೇರಿಯವನಿಗೆ ಇದು ಹೊಳೆಯಬಹುದಿತ್ತು. ಆದರೆ ಅವನು ಆಗ ಕಚೇರಿಯಲ್ಲಿರಲಿಲ್ಲ.

ಅತ್ತೆಯ ಮನೆ ಗ್ರಂಥಾಲಯವಿದ್ದ ಬೀದಿಯ ಕೊನೆಯಲ್ಲಿ. ರಾತ್ರಿಯ ಊಟ ಮಾತ್ರ ಮಗಳ ಮನೆಯಲ್ಲಿ. ಅಂದು ಊಟಕ್ಕೆ ಕೂತಾಗ ಅಳಿಯ ವಿಷಯವನ್ನು ಮೃದುವಾಗಿಯೇ ತಿಳಿಸಿದ.

"ಅತ್ತೆ, ಬೇಜಾರು ಮಾಡ್ಕೋಬೇಡಿ. ವಯಸ್ಸಾದ ಸಿ.ಡಿ.ಗಳಲ್ವಾ, ಎಲ್ಲಾ ಅಳಿಸಿಹೋಗಿದೆ."

ಅತ್ತೆ ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲೇ ಬಿಟ್ಟರು. ಅವರ ಪಿಸುಮಾತು ಕೇಳಲು ಅಳಿಯ ಮುಂದಕ್ಕೆ ಬಾಗಬೇಕಾಯಿತು.

"ಕೂತು ಕೇಳಿದ್ರಾ?"

"ಕೇಳೋಕೆ ಏನಾದ್ರೂ ಇದ್ರೆ ತಾನೇ ಅತ್ತೆ, ಕೇಳೋದು?"

ಅತ್ತೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ತಾಯಿ ಬಿಟ್ಟ ಮಾತನ್ನು ಮಗಳು ಎತ್ತಿಕೊಂಡಳು.

"ರೀ, ಹೋದ ತಿಂಗಳು ಕುರ್ಚಿ ಹೆಣೆಯೋರು ಅದೇ ಕಪಾಟಿನ ಸಿ.ಡಿ. ಕೇಳ್ತಾ ಇದ್ರಲ್ಲ. ಅವರಿಗೆ ಕಣ್ಣು ಕಾಣ್ಸಲ್ಲ, ಕಿವಿಗೇನಾಗಿದೆ?"

ಅದು ಬೇರೆ ಯಂತ್ರ, ಅದರ ಲೆಕ್ಕವೇ ಬೇರೆ, ನಿನಗೆ ಅರ್ಥವಾಗುವಂಥದ್ದಲ್ಲ ಎಂದು ಅಳಿಯ ವಿವರಿಸಿದ. ಅರ್ಥವಾಗುವಂಥದ್ದನ್ನು ಅವಳು ಹೇಳಿದಳು.

"ನಾಳೆ ಹೋಗಿ ಇನ್ನೊಂದ್ಸಲ ನೋಡಿ. ಅಮ್ಮನ ಧ್ವನಿ ರದ್ದಿ ಗಾಡಿ ಹತ್ತಿದ್ರೆ, ಅಟ್ಟದ ಮೇಲೆ ಪೇರಿಸಿಟ್ಟಿರೋ ನಿಮ್ಮ ಹಳೇ ಕಂಪ್ಯೂಟರುಗಳೂ ಅದೇ ಗಾಡೀಲಿ ಹೋಗುತ್ವೆ."

ಜ್ಞಾನಕ್ಕಾಗಿ ಮಾಡದ್ದನ್ನು ಮನುಷ್ಯ ಮನೆಯ ಶಾಂತಿಗಾಗಿ ಮಾಡುತ್ತಾನೆ. ಶುಕ್ರವಾರ ಅಳಿಯ ಕಚೇರಿಗೆ ಅರ್ಧ ದಿನ ರಜೆ ಹಾಕಿ ಗ್ರಂಥಾಲಯಕ್ಕೆ ಬಂದ. ಇಂಟರ್‌ನೆಟ್ಟಿನಲ್ಲಿ ಇದೇ ತೊಂದರೆಯ ಬಗ್ಗೆ ಅಪರಿಚಿತರು ಪರಸ್ಪರ ಬೈದಾಡಿಕೊಂಡ ಪುಟಗಳನ್ನು ಓದಿದ. ಬೈಗುಳಗಳ ನಡುವೆ ಯಾರೋ ಒಬ್ಬರು ಸಭ್ಯವಾಗಿ ಬರೆದಿದ್ದರು: ಯಂತ್ರ ಶುರುವಾಗುವಾಗ ಓದಿಕೊಳ್ಳುವ ಪಟ್ಟಿಯಲ್ಲಿ ಸಿ.ಡಿ. ಡ್ರೈವಿನ ಬಗ್ಗೆ ಹಳೆಯ ಸಾಲೇನಾದರೂ ಉಳಿದಿದೆಯೇ ನೋಡಿ. ಅದಿದ್ದರೆ ಧ್ವನಿಯ ಸಿ.ಡಿ.ಯನ್ನು ಡೆಸ್ಕ್‌ಟಾಪು ಕಣ್ಣೆತ್ತಿಯೂ ನೋಡದು.

ಅಳಿಯ ಪಟ್ಟಿಯನ್ನು ತೆರೆದ. ಸಾಲು ಇತ್ತು. ಈ ಡ್ರೈವಿನಲ್ಲಿ ಏನೇ ಬರಲಿ, ಅದನ್ನು ಕಡತಗಳ ಸಿ.ಡಿ. ಎಂದೇ ತಿಳಿಯತಕ್ಕದ್ದು ಎಂಬುದು ಅದರ ತಾತ್ಪರ್ಯ. ಯಾವ ಅವಿವೇಕಿ ಬರೆದಿರಬಹುದು ಎಂದು ಮೂಗು ಮುರಿಯುತ್ತಾ ಕೆಳಗೆ ನೋಡಿದರೆ, ಇದನ್ನು ಯಾರೂ ಮುಟ್ಟಬಾರದು ಎಂಬ ಎಚ್ಚರಿಕೆ, ಅದರ ಕೆಳಗೆ ಬರೆದವನ ಸಹಿ. ಸಹಿ ಅವನದೇ. ಎರಡು ವರ್ಷದ ಹಿಂದೆ ತನ್ನ ಕಡತಗಳ ಸಿ.ಡಿ.ಗಳನ್ನು ಇಲ್ಲಿ ತೆರೆಯುವ ಅನುಕೂಲಕ್ಕೆ ಹಾಕಿದ್ದ.

ಅವನು ಒಮ್ಮೆ ಹಿಂತಿರುಗಿ ನೋಡಿದ. ಕೋಣೆಯಲ್ಲಿ ಯಾರೂ ಇರಲಿಲ್ಲ. ಸಾಲನ್ನು ಅಳಿಸಿ, ಎಚ್ಚರಿಕೆಯನ್ನೂ ಅಳಿಸಿ, ಯಂತ್ರವನ್ನು ಮತ್ತೆ ಶುರು ಮಾಡಿ ಸಿ.ಡಿ. ಹಾಕಿದ. ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಸಿ.ಡಿ. ಚಿತ್ರ ಮೂಡಿತು. ತೆರೆದರೆ ಒಂದೇ ಒಂದು ಉದ್ದನೆಯ ಟ್ರ್ಯಾಕು, ಒಂದು ಗಂಟೆಗೂ ಮಿಕ್ಕಿದ್ದು. ಅದರ ಮೇಲೆ ಒತ್ತಿದ. ಗಡಿಯಾರ ಓಡತೊಡಗಿತು. ಸದ್ದಿಲ್ಲ.

ಅಳಿಯನ ಕಾರ್ಯವಿಧಾನ ಬಹಳ ಶಿಸ್ತಿನದು: ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಬದಲಾವಣೆಯ ನಂತರ ಮೊದಲಿನಿಂದ ಪರೀಕ್ಷೆ. ಧ್ವನಿಯ ಮಟ್ಟ ಏರಿಸಿ ಮೊದಲಿನಿಂದ ಹಾಕಿದ. ಸದ್ದಿಲ್ಲ. ಸ್ಪೀಕರಿನ ವೈರು ಕಿತ್ತು ಸಿಕ್ಕಿಸಿ ಮೊದಲಿನಿಂದ ಹಾಕಿದ. ಸದ್ದಿಲ್ಲ. ಬೇರೆ ಸಿ.ಡಿ., ಬೇರೆ ಪ್ಲೇಯರ್ ತಂತ್ರಾಂಶ, ಮೊದಲಿನಿಂದ. ಪ್ರತಿ ಸಲವೂ ಅವನು ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಕಾದು, ತಲೆಯಾಡಿಸಿ, ನಿಲ್ಲಿಸುತ್ತಿದ್ದ. ಕಡೆಗೆ ತನ್ನ ಫೋನಿನಿಂದ ಒಂದು ಹಾಡನ್ನು ಕಂಪ್ಯೂಟರಿಗೆ ಹಾಕಿ ಒತ್ತಿದರೆ, ಕೆಳಗಿನ ಬಟ್ಟೆ ಅಂಗಡಿಯವರು ಮೇಲೆ ನೋಡುವಷ್ಟು ಜೋರಾಗಿ ಬಂತು.

ಇನ್ನು ಲೆಕ್ಕ ಸ್ಪಷ್ಟ. ಯಂತ್ರ ಸರಿ, ಸ್ಪೀಕರು ಸರಿ. ಇವೆರಡನ್ನೂ ಕಳೆದರೆ ಉಳಿಯುವ ದೋಷ ಸಿ.ಡಿ.ಯದು. ಸಿ.ಡಿ.ಗಳನ್ನು ವ್ಯವಸ್ಥೆಯು ಗುರುತಿಸುತ್ತದೆ, ಆದರೆ ಅವುಗಳ ಒಳಗಿನ ಧ್ವನಿ ಕಾಲಾಂತರದಲ್ಲಿ ನಶಿಸಿದೆ ಎಂದು ವರದಿಯನ್ನು ತಿದ್ದಿದ. ಹಿಂದಿನ ದಿನ ತಪ್ಪು ಕಾರಣಕ್ಕೆ ಹೇಳಿದ್ದನ್ನೇ ಇಂದು ಬೇರೆ ಕಾರಣಕ್ಕೆ ಹೇಳಬೇಕಾಗಿ ಬಂದದ್ದು ಅವನಿಗೆ ತನ್ನ ತೀರ್ಮಾನದ ಗಟ್ಟಿತನಕ್ಕೆ ಸಾಕ್ಷಿಯಂತೆ ಕಂಡಿತು.

ಶನಿವಾರ ಬೆಳಿಗ್ಗೆ ಸಮಿತಿ ಸೇರುವ ಮೊದಲೇ ರದ್ದಿಯವನ ಕೈಗಾಡಿ ಮೆಟ್ಟಿಲ ಬುಡದಲ್ಲಿ ನಿಂತಿತ್ತು. ಕಾರ್ಯದರ್ಶಿಗೆ ಸಮಿತಿಯ ವಿವೇಕದಲ್ಲಿ ಅಷ್ಟು ನಂಬಿಕೆ. ಗೋಣಿಚೀಲಗಳು ಕಪಾಟಿನ ಕೆಳಗೆ ಬಾಯಿ ತೆರೆದುಕೊಂಡು ಬಿದ್ದಿದ್ದವು. ಅತ್ತೆ ಮಗಳ ಜೊತೆ ಬಂದು ಕಂಪ್ಯೂಟರಿನ ಪಕ್ಕದ ಕುರ್ಚಿಯಲ್ಲಿ ಕೂತರು. ಚೀಲಗಳ ಕಡೆ ಒಂದು ಸಲ ನೋಡಿ ಮತ್ತೆ ನೋಡಲಿಲ್ಲ. ಕುರ್ಚಿ ಹೆಣೆಯುವವರು ಗೋಡೆ ತಡವುತ್ತ ಬಂದು ಬಾಗಿಲ ಬಳಿ ಜಾಗ ಹಿಡಿದರು. ಅವರನ್ನು ಯಾರೂ ಕರೆದಿರಲಿಲ್ಲ. ಬೇಡವೆನ್ನಲು ಯಾರಿಗೂ ಬಾಯಿ ಬರಲಿಲ್ಲ.

ಅಳಿಯ ವರದಿ ಓದಿದ. ಸಮಿತಿಯವರು ಅರ್ಥವಾಗದ ಪದಗಳು ಬಂದಲ್ಲೆಲ್ಲ ಹೆಚ್ಚು ಗಂಭೀರವಾಗಿ ತಲೆದೂಗಿದರು. ಯಾರಿಗೂ ಅನುಮಾನ ಉಳಿಯದಿರಲಿ ಎಂದು ಅವನು ಒಂದು ಸಿ.ಡಿ. ಹಾಕಿ ತೋರಿಸಲು ಮುಂದಾದ. ಪರದೆಯ ಮೇಲೆ ಚಿತ್ರ ಮೂಡಿತು, ಟ್ರ್ಯಾಕು ಕಾಣಿಸಿತು, ಗಡಿಯಾರ ಓಡತೊಡಗಿತು. ನೋಡಿ, ಎಲ್ಲವೂ ಸರಿಯಾಗಿದೆ, ಧ್ವನಿಯೊಂದೇ ಇಲ್ಲ ಎಂದು ವಿವರಿಸಿ, ನಿಲ್ಲಿಸಲು ಮೌಸಿನ ಕಡೆ ಕೈ ಚಾಚಿದ.

ಅತ್ತೆ ಅವನ ಮಣಿಕಟ್ಟನ್ನು ಹಿಡಿದುಕೊಂಡರು.

"ಕೂತ್ಕೊಳ್ಳಿ," ಎಂದರು ಪಿಸುಮಾತಿನಲ್ಲಿ.

"ಅತ್ತೆ, ನಾನು ನಿನ್ನೆ ಇಡೀ ಮಧ್ಯಾಹ್ನ ಇದನ್ನೇ..."

"ಕೂತ್ಕೊಳ್ಳಿ ಅಂದೆ."

ಮದುವೆಯಾದಂದಿನಿಂದ ಅವರು ಅವನಿಗೆ ಎರಡು ಸಲ ಹೇಳಿದ ಮಾತು ಅದೊಂದೇ. ಅಳಿಯ ಕೂತ. ಕೈ ಇನ್ನೂ ಅವರ ಹಿಡಿತದಲ್ಲೇ ಇತ್ತು. ಕಾರ್ಯದರ್ಶಿ ಕೈಗಡಿಯಾರ ನೋಡಿಕೊಂಡರು, ಕೆಮ್ಮಿದರು, ಮತ್ತೆ ನೋಡಿಕೊಂಡರು. ಕೆಳಗಿನಿಂದ ರದ್ದಿಯವನು ಇನ್ನೂ ಎಷ್ಟು ಹೊತ್ತು ಎಂದು ಕೂಗಿದ. ಸುಮ್ಮನೆ ಕೂತಿರಲು ಒಂದು ನಿಮಿಷ ಎಷ್ಟು ದೊಡ್ಡದು ಎಂಬುದು ಆ ಸಮಿತಿಗೆ ಅಂದಿನವರೆಗೆ ಗೊತ್ತಿರಲಿಲ್ಲ. ಅವರ ಸಭೆಗಳಲ್ಲಿ ಅಂಥದ್ದು ನಡೆದೇ ಇರಲಿಲ್ಲ.

ಆಮೇಲೆ ಸ್ಪೀಕರಿನಿಂದ ಒಬ್ಬ ಹೆಂಗಸು, ಎಲ್ಲಿಯೂ ಅವಸರವಿಲ್ಲದ ದುಂಡನೆಯ ಧ್ವನಿಯಲ್ಲಿ, ಪುಸ್ತಕದ ಹೆಸರು ಹೇಳಿದಳು. ಬರೆದವರ ಹೆಸರು ಹೇಳಿದಳು. ಮೊದಲನೆಯ ಅಧ್ಯಾಯ ಎಂದು ಓದತೊಡಗಿದಳು.

ಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅತ್ತೆ ಅಳಿಯನ ಕೈ ಬಿಟ್ಟು, ಬೇರೆ ಯಾರದೋ ಓದನ್ನು ತಪ್ಪು ಸಿಕ್ಕೀತೇ ಎಂದು ಆಲಿಸುವವರಂತೆ ತಲೆ ವಾಲಿಸಿ ಕೂತರು. ಬಾಗಿಲ ಬಳಿ ಕುರ್ಚಿ ಹೆಣೆಯುವವರು ನಗುತ್ತಿದ್ದರು.

"ನಾವು ಸಿ.ಡಿ. ಹಾಕಿ, ತಡವರಿಸ್ಕೊಂಡು ಕುರ್ಚಿ ತನಕ ಬಂದು ಕೂರಬೇಕಲ್ಲ ಸ್ವಾಮಿ. ಅಲ್ಲಿವರೆಗೆ ಅಮ್ಮ ಓದೋಕೆ ಶುರು ಮಾಡಲ್ಲ. ನಿಮಗೆ ಕಣ್ಣಿದೆ, ಓಡಾಡ್ತೀರಿ. ಕಾಯೋದು ಕಷ್ಟ."

ಅದು ಒಳಕೋಣೆಯ ಮೊದಲ ವರ್ಷದಿಂದ ನಡೆದುಬಂದ ಪದ್ಧತಿ. ಮನೆಯಲ್ಲಿ ಸಿ.ಡಿ. ಹಾಕಿ, ಕಥೆಯ ಮೊದಲ ಮಾತು ತಪ್ಪಿಹೋದೀತೆಂದು ಓಡಿಬಂದು ಕುರ್ಚಿಯಲ್ಲಿ ಕೂರಲು ಹೋದ ಕಣ್ಣು ಕಾಣದ ಸದಸ್ಯೆಯೊಬ್ಬಳು ಮೊಣಕಾಲು ಮುರಿದುಕೊಂಡ ಮೇಲೆ, ಮೈಕು ಶುರುವಾದ ನಂತರ ಒಂದು ನಿಮಿಷ ಸುಮ್ಮನಿರುವುದನ್ನು ಅತ್ತೆಯೇ ರೂಢಿ ಮಾಡಿದ್ದರು. ಕೈತಪ್ಪಿ ಯಾವುದೋ ಗುಂಡಿ ಒತ್ತಿದರೆ ಕಥೆ ಮುಂದಕ್ಕೆ ಹಾರಬಾರದೆಂದು ಇಡೀ ಸಿ.ಡಿ.ಯನ್ನು ಒಂದೇ ಟ್ರ್ಯಾಕು ಮಾಡಿಸುತ್ತಿದ್ದವರೂ ಅವರೇ. ಇದನ್ನು ಅವರು ಅಳಿಯನಿಗೆ ಹೇಳಿರಲಿಲ್ಲ. ಅಳಿಯ ಅವರನ್ನು ಕೇಳಿರಲಿಲ್ಲ. ತಾಂತ್ರಿಕ ಪ್ರಶ್ನೆಗೆ ಅತ್ತೆಯ ಬಳಿ ಉತ್ತರವಿರಬಹುದೆಂದು ಯಾವ ಕೈಪಿಡಿಯಲ್ಲೂ ಬರೆದಿರಲಿಲ್ಲ.

ಅಳಿಯ ಎದ್ದು ನಿಂತ. ವ್ಯವಸ್ಥೆಯ ಆಳದಲ್ಲಿ ಅಡಗಿದ್ದ ಒಂದು ಅಪಾಯಕಾರಿ ಸಾಲನ್ನು ತಾನು ಹಿಂದಿನ ದಿನ ಪತ್ತೆಹಚ್ಚಿ ತೆಗೆದದ್ದರಿಂದಲೇ ಈಗ ಈ ಧ್ವನಿ ಕೇಳಿಸುತ್ತಿದೆ ಎಂದು ಸಭೆಗೆ ತಿಳಿಸಿದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಸಾಲನ್ನು ಬರೆದವರು ಯಾರು ಎಂಬ ವಿವರದಿಂದ ಸಭೆಯ ಸಮಯ ಹಾಳುಮಾಡುವುದು ಬೇಡವೆಂದು ಬಿಟ್ಟ. ಸಮಿತಿ ಅವನಿಗೆ ಕೃತಜ್ಞತೆ ಸೂಚಿಸಿತು. ಧ್ವನಿ ಇದೆ ಎಂದಾದ ಮೇಲೆ ರದ್ದಿಯ ಮಾತು ಎತ್ತುವಂತಿರಲಿಲ್ಲ. ಕಾರ್ಯದರ್ಶಿ ಗಾಡಿಯವನನ್ನು ಕಳಿಸಲು ತಾವೇ ಮೆಟ್ಟಿಲಿಳಿದು ಹೋದರು. ಭಾವಚಿತ್ರಗಳಿಗೆ ಮೆಟ್ಟಿಲ ಪಕ್ಕದ ಗೋಡೆ ನಿಗದಿಯಾಯಿತು. ಅಲ್ಲಿ ದೀಪವಿರಲಿಲ್ಲ.

ಅಷ್ಟರಲ್ಲಿ ಅತ್ತೆ ಮಗಳ ಕಿವಿಯಲ್ಲಿ ಏನೋ ಹೇಳಿದರು. ಮಗಳು ಅದನ್ನು ಸಭೆಯ ಮುಂದಿಟ್ಟಳು: ಸಿ.ಡಿ.ಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಸಲಹೆಗಾರರೇ ವಹಿಸಿಕೊಳ್ಳಲಿ. ಆದರೆ ಒಂದೊಂದನ್ನೂ ಕೊನೆಯ ತನಕ ಕೂತು ಕೇಳಿದ ಮೇಲೆಯೇ ಸರಿ ಇದೆ ಎಂದು ಬರೆಯಲಿ. ಸಮಿತಿ ಒಮ್ಮತದಿಂದ ಒಪ್ಪಿತು. ಅಳಿಯನ ಮುಖ ಸಪ್ಪಗಾಯಿತು. ಹೆಂಡತಿಯ ಮುಖದಲ್ಲಿ ಅವನಿಗೆ ಅಷ್ಟೇನೂ ಇಷ್ಟವಾಗದ ಒಂದು ಕಳೆ ಬಂದಿತು.

ಅಂದಿನಿಂದ ಅವನ ಸಂಜೆಗಳೆಲ್ಲ ಗ್ರಂಥಾಲಯದಲ್ಲಿ. ಮೊದಮೊದಲು ಸಿ.ಡಿ. ಓಡುತ್ತಿರುವಾಗ ಫೋನು ನೋಡಿಕೊಂಡಿರುತ್ತಿದ್ದ. ಆಮೇಲಾಮೇಲೆ ಫೋನನ್ನು ಮೇಜಿನ ಮೇಲೆ ಕವುಚಿ ಇಡತೊಡಗಿದ. ಊಟಕ್ಕೆ ಹೊತ್ತಾಯಿತೆಂದು ಹೆಂಡತಿ ಕರೆ ಮಾಡಿದರೆ, ಕೆಲಸ ಬಹಳ ಜಟಿಲವಾಗಿದೆ ಎಂದು ಹೇಳಿ ಇಟ್ಟುಬಿಡುತ್ತಿದ್ದ. ಅಂಥ ಒಂದು ಜಟಿಲ ಸಂಜೆ ದೋಣಿಯ ಒಡತಿ ಸಾಲ ಕೊಟ್ಟವನಿಂದ ಮುಖ ತಿರುಗಿಸಿ ದಡದಲ್ಲಿ ಬಂದು ಕೂತಳು. ಅಲ್ಲಿಗೆ ಎರಡನೆಯ ಸಿ.ಡಿ. ಮುಗಿಯಿತು. ಅಳಿಯ ಮೂರನೆಯದನ್ನು ಹಾಕಿದ.

ಡ್ರೈವು ನರಳಿತು, ನಿಂತಿತು, ಮತ್ತೆ ನರಳಿತು. ಸಿ.ಡಿ.ಯನ್ನು ಹೊರತೆಗೆದು ಬೆಳಕಿಗೆ ಹಿಡಿದರೆ ಒಂದು ಅಂಚಿನಿಂದ ನಡುವಿನವರೆಗೂ ಕೂದಲೆಳೆಯಂಥ ಬಿರುಕು. ಮೆತ್ತನೆಯ ಬಟ್ಟೆಯಿಂದ ಒರೆಸಿದ. ಮನೆಯ ಅಟ್ಟದಿಂದ ಹಳೆಯ ಕಂಪ್ಯೂಟರೊಂದನ್ನು ಹೊತ್ತು ತಂದು ಅದರ ಡ್ರೈವಿಗೂ ಹಾಕಿ ನೋಡಿದ. ಕಾದ, ಒಂದು ನಿಮಿಷಕ್ಕಿಂತ ಬಹಳ ಹೆಚ್ಚೇ ಕಾದ. ಈ ಸಲ ಅದು ನಿಜವಾಗಿಯೂ ಹೋಗಿತ್ತು. ಆದರೆ ಖಾಲಿ ಎಂಬ ಪದ ಅವನ ನಾಲಿಗೆಗೆ ಬರಲೊಲ್ಲದು. ಸಿ.ಡಿ.ಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬೀದಿಯ ಕೊನೆಯ ಮನೆಗೆ ಹೋಗಿ ಬಾಗಿಲು ತಟ್ಟಿದ.

"ಅತ್ತೆ, ಇದೊಂದು ಒಡೆದುಹೋಗಿದೆ. ನಾನು ಒಡೆದದ್ದಲ್ಲ."

ಅತ್ತೆ ಬಿರುಕಿನ ಮೇಲೆ ಉಗುರು ಆಡಿಸಿ ನೋಡಿದರು. ಅಳಿಯ ಹೋಗದೆ ನಿಂತೇ ಇದ್ದ. ವರದಿಗೆ ಬೇಕಾಗಬಹುದು ಎಂಬ ಧಾಟಿಯಲ್ಲಿ ಕೇಳಿದ.

"ಆ ದೋಣಿ... ಮಾರಿಬಿಟ್ಟಳಾ?"

ಅತ್ತೆ ಒಳಗೆ ಹೋಗಿ ಒಂದು ಪುಸ್ತಕ ತಂದು ಅವನ ಕೈಗಿಟ್ಟರು.

"ಓದಿ."

"ಓದ್ತೀನಿ ಅತ್ತೆ. ಇವತ್ತೇ."

"ಇಲ್ಲಿ ಅಲ್ಲ. ಒಳಕೋಣೇಲಿ. ಗಟ್ಟಿಯಾಗಿ."

ಮರುದಿನ ಸಂಜೆ ಕಂಬಳಿಯ ಗೋಡೆಗಳ ನಡುವೆ ತಾಂತ್ರಿಕ ಸಲಹೆಗಾರ ಮೈಕಿನ ಮುಂದೆ ಕೂತ. ಎದುರಿಗೆ ಅತ್ತೆ, ಕೈಯಲ್ಲಿ ಒಂದು ಪೆನ್ಸಿಲು. ನೀರಿನ ಮೀಟರು ಓದಿ ಓದಿ ಅವನ ಓದೂ ಮೀಟರಿನಂತೆಯೇ ಆಗಿತ್ತು. ಏರಿಲ್ಲ, ಇಳಿವಿಲ್ಲ, ವಾಕ್ಯದ ಕೊನೆ ಬಂದಾಗ ಮಾತ್ರ ದಡಬಡಿಸಿ ನಿಲ್ಲುತ್ತಿತ್ತು. ಪೆನ್ಸಿಲು ಮೇಜಿಗೆ ತಟ್ಟಿತು. ಅವನು ವಾಕ್ಯವನ್ನು ಮತ್ತೆ ಓದಿದ. ಪೆನ್ಸಿಲು ಮತ್ತೆ ತಟ್ಟಿತು. ಎಲ್ಲಿ ತಪ್ಪಿದೆನೆಂದು ಅವನಿಗೆ ತಿಳಿಯಲಿಲ್ಲ, ಅವರಿಗೆ ಓದಿ ತೋರಿಸಲು ಧ್ವನಿಯಿರಲಿಲ್ಲ.

ಅತ್ತೆ ಪುಸ್ತಕವನ್ನು ಓರೆಯಾಗಿ ತಮ್ಮ ಕಡೆಗೂ ತಿರುಗಿಸಿಕೊಂಡರು. ಸದ್ದಿಲ್ಲದೆ, ತುಟಿಗಳನ್ನಷ್ಟೇ ಆಡಿಸುತ್ತಾ ವಾಕ್ಯವನ್ನು ಓದಿದರು: ಎಲ್ಲಿ ತಡೆಯಬೇಕು, ಎಲ್ಲಿ ಸಡಿಲ ಬಿಡಬೇಕು, ಒಡತಿಯ ಮಾತು ಎಲ್ಲಿ ಒಡೆಯಬೇಕು. ಅಳಿಯ ಅವರ ತುಟಿಗಳ ಮೇಲೆ ಕಣ್ಣಿಟ್ಟು ಅವು ಸಾಗಿದ ಹಾಗೆ ಓದಿದ. ಪೆನ್ಸಿಲು ಸುಮ್ಮನಿತ್ತು. ಸಲಹೆಗಾರ ಎಂಬ ಪದವಿ ಬಂದ ಮೇಲೆ ಅವನು ಒಂದು ಸಲಹೆಯನ್ನು ತೆಗೆದುಕೊಂಡದ್ದು ಅದೇ ಮೊದಲು. ತೆಗೆದುಕೊಳ್ಳಲು ಹೆಚ್ಚೇನೂ ನೋವಾಗಲಿಲ್ಲ.

ಹೊರಕೋಣೆಯಲ್ಲಿ ಕುರ್ಚಿ ಹೆಣೆಯುವವರು ಮುಚ್ಚಿದ ಬಾಗಿಲಿಗೆ ಕುರ್ಚಿ ಎಳೆದುಕೊಂಡು ಕೂತಿದ್ದರು. ಕಂಬಳಿಗಳು ಒಳ್ಳೆಯವು, ಮಾತೊಂದೂ ಹೊರಗೆ ಬರುತ್ತಿರಲಿಲ್ಲ. ಅಳಿಯ ಮೊದಲ ಪುಟ ಮುಗಿಸಿ ಬೆವರೊರೆಸಿಕೊಳ್ಳುತ್ತಾ ಬಾಗಿಲು ತೆರೆದಾಗ, ಅವರು ಏನಾಯಿತೆಂದು ಕೇಳಲಿಲ್ಲ.

"ನಿಧಾನ ಮಾಡಿ ಸ್ವಾಮಿ," ಎಂದರು. "ಅಮ್ಮ ಹೇಳಿದ ಹಾಗೇ ಓದಿ. ಅಷ್ಟು ದಿನ ದಡದಲ್ಲಿ ಕೂತವಳು, ಇನ್ನೊಂದು ವಾರ ಕೂರ್ತಾಳೆ."